ಬೂಷ್ಟು ಹಿಡಿದ ಸೈಮನ್ ಮತ್ತು ಗಾರ್ಫಂಕಲ್ ಎಲ್‌ಪಿ: ಇದೇ ತಟ್ಟೆಯನ್ನು ಉಳಿಸಿಕೊಳ್ಳುವುದು ಹೇಗೆ?

ತೋಟದ ಮನೆ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಅಮೆರಿಕದ ಗಾಯಕರಾದ ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ ‘ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್’ ಎಲ್‌ಪಿ, ಅಂದರೆ ಪ್ಲೇಯರಿನಲ್ಲಿ ಹಾಕುವ ಹಾಡಿನ ತಟ್ಟೆ, ಇದೆ. ಅದಕ್ಕೆ ಬೂಷ್ಟು ಹಿಡಿದಿದೆ. ತೊಳೆಯಬಹುದೇ, ತೊಳೆದರೆ ಹಾಡು ಉಳಿಯುತ್ತದೆಯೇ ಎಂದು ತಿಳಿಯಬೇಕಾಗಿದೆ. ಎರಡು ಸಾಲಿನಲ್ಲಿ ಕೇಳಿ ಮುಗಿಸಬಹುದಿತ್ತು. ಆದರೆ ಕಳೆದ ವಾರ ಬೇರೊಂದು ಕಡೆ ಹಾಗೆ ಕೇಳಿದಾಗ ‘ಹೊಸದು ತರಿಸಿಕೊಳ್ಳಿ’ ಎಂಬ ಒಂದೇ ಉತ್ತರ ಬಂತು. ನನಗೆ ಬೇಕಾಗಿರುವುದು ಇದೇ ತಟ್ಟೆ. ಏಕೆ ಎಂಬುದನ್ನೂ ಹೇಳಿಬಿಡುತ್ತೇನೆ.

ನನ್ನ ಅಣ್ಣ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. 1979ರ ಜುಲೈಯಲ್ಲಿ, ಜೋರು ಮಳೆಯ ಕಕ್ಕಡ ತಿಂಗಳು ಹಿಡಿದು ಎರಡು ದಿನವಾಗಿತ್ತು, ರಜೆಯ ಮೇಲೆ ಊರಿಗೆ ಹೊರಟು ಬಂದ. ನಮ್ಮೂರ ದಾರಿಯ ಬೊಳಿಬಾಣೆಯಲ್ಲಿ ಕಾವೇರಿ ಹೊಳೆ ಉಕ್ಕಿ ರಸ್ತೆಯ ಮೇಲೆ ಬಂದಿದ್ದಳು. ಮೂರ್ನಾಡಿನ ತನಕ ಬಸ್ಸಿನಲ್ಲಿ ಬಂದವನು ಅಲ್ಲಿಯೇ ಪರಿಚಯದವರ ಮನೆಯಲ್ಲಿ ಎರಡು ರಾತ್ರಿ ಕಳೆದು, ನೀರು ಮೊಣಕಾಲಿಗೆ ಇಳಿದ ಮೇಲೆ ನಡೆದುಕೊಂಡು ಮನೆ ಸೇರಿದ. ಪೆಟ್ಟಿಗೆಯನ್ನು ಮೂರ್ನಾಡಿನಲ್ಲಿಯೇ ಬಿಟ್ಟಿದ್ದ. ಬೆನ್ನಿಗೆ ಚಪ್ಪಟೆಯಾದ ಒಂದು ಕಟ್ಟು ಮಾತ್ರ ಇತ್ತು. ಹಡಗಿನ ರೇನ್‌ಕೋಟನ್ನು ತಾನು ಹಾಕಿಕೊಳ್ಳದೆ ಅದಕ್ಕೆ ಸುತ್ತಿದ್ದ. ಜಗಲಿಯಲ್ಲಿ ಕುಳಿತು ಬಿಚ್ಚಿದಾಗ ಒಳಗಿದ್ದದ್ದು ಈ ಎಲ್‌ಪಿ. ಲಂಡನ್ನಿನಲ್ಲಿ ಹಳೆಯ ರೆಕಾರ್ಡುಗಳನ್ನು ಮಾರುವ ಅಂಗಡಿಯಲ್ಲಿ ಕೊಂಡದ್ದು ಎಂದ. ಮಧ್ಯದ ಲೇಬಲ್ ಕಿತ್ತಳೆ ಬಣ್ಣದ್ದು, ಅದರ ಮೇಲೆ ಕಪ್ಪು ಅಕ್ಷರಗಳಲ್ಲಿ ಸಿಬಿಎಸ್ ಎಂದು ಕಂಪನಿಯ ಹೆಸರಿದೆ. ಹಿತ್ತಲಿನಲ್ಲಿ ಕಿತ್ತಳೆ ಗಿಡಗಳಿದ್ದ ಕಾಲ ಅದು. ಆ ಬಣ್ಣವನ್ನು ನೋಡಿದಾಗಲೆಲ್ಲ ನನಗೆ ಇಂದಿಗೂ ಸಿಪ್ಪೆಯ ವಾಸನೆ ಬರುತ್ತದೆ.

ಆಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಆಲ್ಬಮ್ಮಿನ ಹೆಸರಿಗೆ ಏನರ್ಥ ಎಂದು ಅವ್ವ ಕೇಳಿದರು. ಉಕ್ಕಿದ ನೀರಿನ ಮೇಲೊಂದು ಸೇತುವೆ ಎಂದು ಅಣ್ಣ ಹೇಳಿದ. ‘ಬೊಳಿಬಾಣೆಗೆ ಅದು ಯಾವಾಗ ಬರುತ್ತದೆ?’ ಎಂದರು ಅವ್ವ. ಎರಡು ರಾತ್ರಿ ನಿದ್ದೆಗೆಟ್ಟಿದ್ದವರು, ನಿಜವಾಗಿಯೇ ಕೇಳಿದ್ದರು.

ಆ ಮಳೆಗಾಲವಿಡೀ ಕೇಳಿದೆವು. ಮೊದಲ ಬದಿಯ ಮೊದಲ ಹಾಡು, ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು, ನನ್ನದಾಯಿತು. ಪಿಯಾನೊ ಒಂದೇ ಶುರುವಾಗುತ್ತದೆ. ಗಾರ್ಫಂಕಲ್ ಎಷ್ಟು ಮೆಲ್ಲಗೆ ಹಾಡಲು ತೊಡಗುತ್ತಾನೆಂದರೆ ಹೆಂಚಿನ ಮೇಲೆ ಮಳೆ ಜೋರಾದರೆ ಮೊದಲ ಸಾಲು ಕೇಳಿಸುತ್ತಲೇ ಇರಲಿಲ್ಲ. ಮಳೆ ತಗ್ಗುವ ತನಕ ಕಾದು ತಟ್ಟೆಯ ಮೇಲೆ ಪ್ಲೇಯರಿನ ಮುಳ್ಳು ಇಡುತ್ತಿದ್ದೆ. ಕೊನೆಯ ಚರಣದಲ್ಲಿ ಸೈಮನ್ನನ ದನಿ ಕೆಳಗಿನಿಂದ ಬಂದು ಸೇರುತ್ತದೆ, ಆಮೇಲೆ ವಾದ್ಯಗಳೆಲ್ಲ ಒಟ್ಟಿಗೆ ಏಳುತ್ತವೆ. ಅಷ್ಟು ಹೊತ್ತಿಗೆ ಮಳೆ ಎಷ್ಟೇ ಹೊಡೆದರೂ ಚಿಂತೆಯಿರಲಿಲ್ಲ. ಬರೆದವನು ಸೈಮನ್, ಹಾಡಿದವನು ಗಾರ್ಫಂಕಲ್. ‘ನೀನೇ ಹಾಡು’ ಎಂದು ಗಾರ್ಫಂಕಲ್ ಮೊದಲು ಹೇಳಿದ್ದನಂತೆ. ಸೈಮನ್ ಒಪ್ಪಲಿಲ್ಲ. ಒಪ್ಪದಿದ್ದದ್ದು ನಮ್ಮ ಭಾಗ್ಯ ಎಂದು ನನ್ನ ಭಾವನೆ. ಆ ಎತ್ತರ, ಆ ನಿರ್ಮಲವಾದ ಎಳೆತ ಗಾರ್ಫಂಕಲ್‌ನ ಗಂಟಲಿಗೆ ಮಾತ್ರ ಸಾಧ್ಯ.

ಅಣ್ಣನಿಗೆ ಎರಡನೆಯ ಬದಿ. ಅದರಲ್ಲಿಯೂ ‘ದಿ ಓನ್ಲಿ ಲಿವಿಂಗ್ ಬಾಯ್ ಇನ್ ನ್ಯೂಯಾರ್ಕ್’. ನನಗೆ ಅದು ಆಗ ಸಪ್ಪೆ ಎನಿಸುತ್ತಿತ್ತು. ಬಹಳ ವರ್ಷಗಳ ನಂತರ ಅದರ ಹಿನ್ನೆಲೆಯನ್ನು ಓದಿದೆ. ಗಾರ್ಫಂಕಲ್ ಚಲನಚಿತ್ರವೊಂದರಲ್ಲಿ ನಟಿಸಲು ಮೆಕ್ಸಿಕೊಗೆ ಹೋದಾಗ, ನ್ಯೂಯಾರ್ಕಿನಲ್ಲಿ ಒಬ್ಬನೇ ಉಳಿದ ಸೈಮನ್ ಬರೆದ ಹಾಡು ಅದು. ಹಾಡಿನಲ್ಲಿ ಬರುವ ಟಾಮ್ ಎಂದರೆ ಗಾರ್ಫಂಕಲ್. ಹದಿಹರೆಯದಲ್ಲಿ, 1957ರಲ್ಲಿ, ಇಬ್ಬರೂ ಟಾಮ್ ಮತ್ತು ಜೆರ್ರಿ ಎಂಬ ಹೆಸರಿನಲ್ಲಿ ಒಂದು ರೆಕಾರ್ಡ್ ತಂದಿದ್ದರು. ಹೊರಟುಹೋದವನಿಗಾಗಿ ಉಳಿದವನು ಕಟ್ಟಿದ ಹಾಡನ್ನು ನಮ್ಮ ಮನೆಯಲ್ಲಿ ಹೊರಟುಹೋಗುವವನೇ ಮತ್ತೆ ಮತ್ತೆ ಕೇಳುತ್ತಿದ್ದ. ಉಳಿದವಳು ನಾನು, ನನಗೆ ತಿಳಿಯಲಿಲ್ಲ.

2004ರಲ್ಲಿ ತೋಟ ಪಾಲಾಯಿತು. ಜಗಳವಿರಲಿಲ್ಲ. ಗದ್ದೆ, ಏಲಕ್ಕಿ ಕಾಡು, ಪಾತ್ರೆ ಎಲ್ಲವೂ ಎರಡು ಪಾಲಾದವು. ಪ್ಲೇಯರ್ ಅಣ್ಣನ ಜೊತೆ ಪೊನ್ನಂಪೇಟೆಗೆ ಹೋಯಿತು, ತಟ್ಟೆಗಳ ಟ್ರಂಕು ನನ್ನಲ್ಲಿ ಉಳಿಯಿತು. ಒಬ್ಬರಲ್ಲಿ ಮುಳ್ಳು, ಇನ್ನೊಬ್ಬರಲ್ಲಿ ಹಾಡು. ಈಗ ಅಣ್ಣ ಮಗನ ಜೊತೆ ಮೈಸೂರಿನಲ್ಲಿದ್ದಾನೆ. ಹೋಗುವ ಮುಂಚೆ ಪ್ಲೇಯರನ್ನು ಜೀಪಿನಲ್ಲಿ ತಂದುಕೊಟ್ಟ. ಕೈಲ್‌ಪೊಳ್ದ್ ಹಬ್ಬ ಮುಗಿದ ಮರುದಿನ, ಸ್ವಲ್ಪ ಬಿಸಿಲು ಬಂದಾಗ, ಟ್ರಂಕಿನ ಬೀಗ ತೆಗೆದೆ.

ನಾಲ್ಕು ಮೂಲೆಗಳಲ್ಲಿಯೂ ನುಸಿಗುಳಿಗೆ ಇಟ್ಟಿದ್ದೆ, ಹುಳ ಬಿದ್ದಿರಲಿಲ್ಲ. ಆದರೆ ಹೊದಿಕೆಯ ರಟ್ಟು ಮೆತ್ತಗಾಗಿದೆ. ಒಳಗಿನ ಕಾಗದದ ಚೀಲದ ಮೇಲೆ ಕಂದು ಚುಕ್ಕೆಗಳು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎರಡನೆಯ ಬದಿಯಲ್ಲಿ ಬಿಳಿ ಚುಕ್ಕೆಗಳ ಗುಂಪು ಕಾಣಿಸುತ್ತದೆ. ಒಂದೊಂದು ಚುಕ್ಕೆಯಿಂದಲೂ ಸುತ್ತ ಎಳೆಗಳು ಹೊರಟಿವೆ, ಹಸಿ ಗೋಡೆಯ ಮೇಲೆ ಬರುವ ಹಾಗೆ. ತಡೆಯಲಾರದೆ ಒಮ್ಮೆ ಹಾಕಿದೆ. ಹಾಡು ಇದೆ, ಆದರೆ ಅದರ ಮೇಲೆ ಚಟಪಟ ಎಂದು ಒಂದೇ ಸಮನೆ ಸದ್ದು. ಅರ್ಧ ನಿಮಿಷದಲ್ಲಿ ಮುಳ್ಳಿನ ತುದಿಗೆ ಹತ್ತಿಯಂಥದ್ದು ಸುತ್ತಿಕೊಂಡಿತು. ಭಯವಾಗಿ ಎತ್ತಿಬಿಟ್ಟೆ.

ಪಕ್ಕದ ತೋಟದವರು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಡಿ, ಒಣಗುತ್ತದೆ ಎನ್ನುತ್ತಾರೆ. ಇಡಬಹುದೇ?

ಇನ್ನೂ ಒಂದು ಪ್ರಶ್ನೆಯಿದೆ. ಎರಡನೆಯ ಬದಿಯ ಮೊದಲ ಹಾಡು ‘ದಿ ಬಾಕ್ಸರ್’. ಅದರ ಪಲ್ಲವಿಯಲ್ಲಿ ಮಾತಿಲ್ಲ, ಬರೀ ಆಲಾಪ. ಆ ಆಲಾಪದ ನಡುವೆ ಧಡ್ ಎಂದು ಒಂದು ದೊಡ್ಡ ಸದ್ದು ಬರುತ್ತದೆ. ಅದು ಕೇಳಿಸಿದಾಗಲೆಲ್ಲ ಅವ್ವ ಕೊಟ್ಟಿಗೆಯ ಬಾಗಿಲು ಬಡಿಯಿತೆಂದು ಎದ್ದು ಹೋಗಿ ನೋಡಿ ಬರುತ್ತಿದ್ದರು. ತಟ್ಟೆಯಲ್ಲಿಯೇ ಪೆಟ್ಟಾಗಿದೆ, ಬೊಳಿಬಾಣೆಯ ನೀರಿನಲ್ಲಿ ನಡೆಯುವಾಗ ಎಡವಿದ್ದೆ, ಆಗ ಆಗಿರಬೇಕು ಎಂದು ಅಣ್ಣ ಹೇಳುತ್ತಿದ್ದ. ನಾನು ಈ ಹಾಡನ್ನು ಬೇರೆ ಯಾವ ಪ್ರತಿಯಲ್ಲಿಯೂ ಕೇಳಿಲ್ಲ, ಮೊಬೈಲಿನಲ್ಲಿಯೂ ಹಾಕಿ ನೋಡಿಲ್ಲ. ನಿಮ್ಮ ಪ್ರತಿಗಳಲ್ಲಿ ಆ ಸದ್ದು ಇದೆಯೇ?

ರೇಡಿಯೊ ರಿಪೇರಿ, ವಿರಾಜಪೇಟೆ

ಅಮ್ಮ, ಮೊದಲು ಒಂದು ಮಾತು. ದಯವಿಟ್ಟು ಅಟ್ಟದ ಮೇಲೆ ಇಡಬೇಡಿ. ಒಲೆಯ ಶಾಖಕ್ಕೆ ಎಲ್‌ಪಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಆಮೇಲೆ ಯಾರಿಂದಲೂ ಸರಿಪಡಿಸಲು ಆಗುವುದಿಲ್ಲ. ಬಿಸಿಲಿಗೂ ಇಡಬೇಡಿ. ತೊಳೆಯುವ ತನಕ ಹಾಕಲೂಬೇಡಿ. ಮುಳ್ಳು ಆ ಕೊಳೆಯನ್ನು ಗೆರೆಯೊಳಗೆ ಅರೆಯುತ್ತದೆ.

ನಲವತ್ತು ವರ್ಷ ರೇಡಿಯೊ, ಟೇಪ್ ರೆಕಾರ್ಡರ್, ಪ್ಲೇಯರ್ ರಿಪೇರಿ ಮಾಡಿದವನು ನಾನು. ಬೂಷ್ಟಿಗೆ ತಿನ್ನಲು ಬೇಕಾದದ್ದು ಕಾಗದ, ಧೂಳು, ಬೆರಳಿನ ಜಿಡ್ಡು. ತಟ್ಟೆಯ ಪ್ಲಾಸ್ಟಿಕ್ಕನ್ನು ಅದು ಸುಲಭವಾಗಿ ತಿನ್ನುವುದಿಲ್ಲ, ಮೇಲೆ ಹಬ್ಬಿ ಕುಳಿತಿರುತ್ತದೆ ಅಷ್ಟೇ. ಆದ್ದರಿಂದ ನಿಮ್ಮ ಹಾಡು ಹೋಗಿರುವ ಸಾಧ್ಯತೆ ಕಡಿಮೆ. ನುಸಿಗುಳಿಗೆ ಹುಳವನ್ನು ದೂರವಿಡುತ್ತದೆಯೇ ಹೊರತು ತೇವವನ್ನು ಎಳೆದುಕೊಳ್ಳುವುದಿಲ್ಲ. ಅದಕ್ಕೆ ಸಿಲಿಕಾ ಜೆಲ್ ಪೊಟ್ಟಣ ಬೇಕು.

ತೊಳೆಯುವ ವಿಧಾನ ಹೇಳುತ್ತೇನೆ. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಒಂದು ಲೀಟರ್ ತನ್ನಿ. ನಲ್ಲಿಯ ನೀರು ಬೇಡ, ಬಾವಿಯ ನೀರೂ ಬೇಡ, ಒಣಗಿದ ಮೇಲೆ ಅದರ ಉಪ್ಪು ಗೆರೆಗಳಲ್ಲಿ ಉಳಿಯುತ್ತದೆ. ಮೊಬೈಲ್ ರಿಪೇರಿಯವರ ಹತ್ತಿರ ಐಸೊಪ್ರೊಪೈಲ್ ಆಲ್ಕೊಹಾಲ್ ಇರುತ್ತದೆ, ಬೋರ್ಡ್ ತೊಳೆಯಲು ಅವರು ಅದನ್ನೇ ಬಳಸುತ್ತಾರೆ. ನಾಲ್ಕು ಲೋಟ ನೀರಿಗೆ ಒಂದು ಲೋಟ ಸಾಕು. ಪಾತ್ರೆ ತೊಳೆಯುವ ದ್ರವ ಒಂದು ಹನಿ, ಒಂದೇ ಹನಿ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ತಟ್ಟೆಯನ್ನು ಇಡಿ. ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆಯನ್ನು ಅದ್ದಿ, ಗೆರೆ ಹೋಗುವ ದಿಕ್ಕಿನಲ್ಲಿಯೇ ಸುತ್ತ ಒರೆಸಿ. ಅಡ್ಡಕ್ಕೆ ಉಜ್ಜಬೇಡಿ. ಮಧ್ಯದ ಕಾಗದಕ್ಕೆ ನೀರು ತಾಗಬಾರದು. ಪ್ಲಾಸ್ಟಿಕ್ ಡಬ್ಬದ ಮುಚ್ಚಳವೊಂದನ್ನು ಅದರ ಮೇಲೆ ಕವುಚಿ ಒತ್ತಿ ಹಿಡಿದುಕೊಂಡರೆ ಆಯಿತು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ, ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಿನಲ್ಲಿ ಒಣಗಿಸಿ. ಕೆಲಸವನ್ನು ಹೊರಗೆ ಜಗಲಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ. ಬೂಷ್ಟಿನ ಪುಡಿ ಉಸಿರಿಗೆ ಒಳ್ಳೆಯದಲ್ಲ.

ಟ್ರಂಕಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಗಳೂ ಇದ್ದರೆ ಅವುಗಳಿಗೆ ಈ ದ್ರವವನ್ನು ಮುಟ್ಟಿಸಲೇಬೇಡಿ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಒಬ್ಬರು ಅವಸರದಲ್ಲಿ ಒರೆಸಿ, ಹಾಡೆಲ್ಲ ಬಟ್ಟೆಗೆ ಬಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹಳೆಯ ಕಾಗದದ ಚೀಲವನ್ನು ಬಿಸಾಡಿ, ಒಳಗೆ ಪಾಲಿಥೀನ್ ಪದರವಿರುವ ಹೊಸ ಚೀಲಕ್ಕೆ ಹಾಕಿ. ರಟ್ಟಿನ ಹೊದಿಕೆಯನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ತಟ್ಟೆಯಿಂದ ಬೇರೆಯಾಗಿಯೇ ಇಡಿ. ಇಲ್ಲದಿದ್ದರೆ ಮುಂದಿನ ಜೂನ್ ಹೊತ್ತಿಗೆ ಮತ್ತೆ ಅದೇ ಕಥೆಯಾಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ. ಮುಳ್ಳನ್ನು ಹೊಸದಾಗಿ ಹಾಕಿಸಿ. ವಜ್ರದ ತುದಿಯಾದರೂ ಸವೆಯುತ್ತದೆ. ಸವೆದ ಮುಳ್ಳು ತಟ್ಟೆಗೆ ಬೂಷ್ಟಿಗಿಂತ ದೊಡ್ಡ ಶತ್ರು.

ಧಡ್ ಸದ್ದಿನ ಬಗ್ಗೆ ನನಗೆ ಗೊತ್ತಿಲ್ಲ. ಗೊತ್ತಿರುವವರು ಹೇಳಲಿ.

ಹಳೆಯ ತಟ್ಟೆ, ಮೈಸೂರು

ಅದು ಪೆಟ್ಟಲ್ಲ ಅಕ್ಕ, ಡ್ರಮ್! ಎಲ್ಲ ಪ್ರತಿಗಳಲ್ಲಿಯೂ ಇದೆ. ನಿಮ್ಮ ಪ್ರಶ್ನೆಯನ್ನು ಓದಿ ಎದ್ದು ಹೋಗಿ ನನ್ನ ಪ್ರತಿಯನ್ನು ಹಾಕಿ ಕೇಳಿದೆ. ಈಗ ಬರೆಯುತ್ತಿರುವಾಗಲೂ ಹಾಡುತ್ತಿದೆ.

‘ದಿ ಬಾಕ್ಸರ್’ ಹಾಡಿನ ಧ್ವನಿಮುದ್ರಣಕ್ಕೆ ನೂರು ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ಒಂದೇ ಕಡೆ ಮಾಡಿದ್ದೂ ಅಲ್ಲ. ಗಿಟಾರ್ ನುಡಿಸಿದ್ದು ನ್ಯಾಶ್‌ವಿಲ್‌ನಲ್ಲಿ, ಕೆಲವು ಭಾಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದಲ್ಲಿ. ಪಲ್ಲವಿಗೆ ದೊಡ್ಡ ಸದ್ದೊಂದು ಬೇಕಿತ್ತು. ಧ್ವನಿಮುದ್ರಣದ ಹೊಣೆ ಹೊತ್ತಿದ್ದ ರಾಯ್ ಹ್ಯಾಲೀ ನ್ಯೂಯಾರ್ಕಿನ ಸ್ಟುಡಿಯೊ ಕಟ್ಟಡದಲ್ಲಿ ಲಿಫ್ಟಿನ ಬಾಗಿಲ ಮುಂದೆ ಡ್ರಮ್ ಇರಿಸಿದರು. ಡ್ರಮ್ ವಾದಕ ಹಾಲ್ ಬ್ಲೇನ್ ಅಲ್ಲಿ ಕುಳಿತು, ಪಲ್ಲವಿಯ ಆ ಜಾಗ ಬಂದಾಗಲೆಲ್ಲ ಬಲವಾಗಿ ಬಡಿದರು. ಲಿಫ್ಟ್ ಓಡಾಡುವ ಬಾವಿಯಂಥ ಆ ಜಾಗದಲ್ಲಿ ಸದ್ದು ಮೊಳಗಿ ಬಂತು. ನಿಮ್ಮ ತಾಯಿಯವರಿಗೆ ಬಾಗಿಲು ಬಡಿದ ಹಾಗೆ ಕೇಳಿಸಿದ್ದರಲ್ಲಿ ತಪ್ಪೇನೂ ಇಲ್ಲ. ಅವರ ಕಿವಿ ಸರಿಯಾಗಿಯೇ ಹೇಳಿದೆ, ಅದು ಕೋಣೆಯೊಳಗಿನ ಡ್ರಮ್ಮಿನ ಸದ್ದಲ್ಲ.

ಈ ಆಲ್ಬಮ್ಮಿನ ಬಗ್ಗೆ ಮಾತು ತೆಗೆದರೆ ನನಗೆ ನಿಲ್ಲಿಸಲು ಆಗುವುದಿಲ್ಲ. ಬಿಡುಗಡೆಯಾದದ್ದು 1970ರ ಜನವರಿ 26ರಂದು. ಮರುವರ್ಷ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಎಂಬ ಪ್ರಶಸ್ತಿಯೂ ಬಂತು. ಅಷ್ಟು ಹೊತ್ತಿಗೆ ಜೋಡಿ ಬೇರೆಯಾಗಿತ್ತು. ಹಾಡುಗಳನ್ನು ಎಣಿಸಿ ನೋಡಿ, ಹನ್ನೊಂದು ಇವೆ. ಹನ್ನೆರಡು ಇರಬೇಕಿತ್ತು. ಸೈಮನ್ ರಾಜಕೀಯದ ಹಾಡೊಂದನ್ನು ಸೇರಿಸಬೇಕೆಂದ, ಗಾರ್ಫಂಕಲ್ ಜರ್ಮನ್ ಸಂಗೀತಗಾರ ಬಾಖ್‌ನ ಭಕ್ತಿಗೀತೆಯೊಂದು ಬೇಕೆಂದ. ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದೆ ಹನ್ನೆರಡನೆಯದನ್ನು ಕೈಬಿಟ್ಟರು. ಆ ಖಾಲಿ ಜಾಗ ನನಗೆ ಪ್ರತಿಸಲವೂ ಕೇಳಿಸುತ್ತದೆ. ಎರಡನೆಯ ಬದಿಯ ಕೊನೆಯಲ್ಲಿ ‘ಬೈ ಬೈ ಲವ್’ ಬರುತ್ತದಲ್ಲ, ಅದು ಸಭೆಯಲ್ಲಿ ಹಾಡಿದ್ದು, ಜನರ ಚಪ್ಪಾಳೆಯೂ ಅದರಲ್ಲಿಯೇ ಇದೆ. 1957ರಲ್ಲಿ ಎವರ್ಲಿ ಸಹೋದರರು ಹಾಡಿ ಮನೆಮಾತು ಮಾಡಿದ ಹಾಡು. ಇಬ್ಬರು ಸೇರಿ ಹಾಡುವುದನ್ನು ಇವರು ಕಲಿತದ್ದೇ ಆ ಅಣ್ಣತಮ್ಮಂದಿರನ್ನು ಕೇಳಿಕೊಂಡು. ಬೇರೆಯಾಗುವ ಹೊತ್ತಿನಲ್ಲಿ, ಮೊದಲು ಕಲಿಸಿದವರ ಹಾಡನ್ನೇ ಹಾಡಿ ಎದ್ದರು. ಅದಾದ ಮೇಲೆ ಸೈಮನ್ ಒಬ್ಬನೇ ಹಾಡುವ ಪುಟ್ಟ ಹಾಡೊಂದು. ಎರಡು ನಿಮಿಷವೂ ಇಲ್ಲ. ತಟ್ಟೆ ಮುಗಿಯುತ್ತದೆ.

ರೋಬಸ್ಟಾ, ಸಿದ್ದಾಪುರ

ರಿಪೇರಿಯವರು ಹೇಳಿದ್ದರ ಜೊತೆ ಒಂದು ಅನುಭವವನ್ನು ಸೇರಿಸುತ್ತೇನೆ. ಅಕ್ಕನವರ ಪ್ಲೇಯರ್ ಕರೆಂಟಿನ ಎಸಿ ಮೋಟರಿನದ್ದಾಗಿದ್ದರೆ ತೋಟದ ಜನರೇಟರಿನಲ್ಲಿ ಹಾಕಬೇಡಿ. ನಾನು ಹಾಕಿದ್ದೆ. ಎಲ್ಲರೂ ಅವಸರದಲ್ಲಿ ಹಾಡಿದಂತೆ ಕೇಳಿಸಿತು, ದನಿಯೂ ತೆಳುವಾಯಿತು. ಅಂಥ ಮೋಟರು ತಿರುಗುವ ವೇಗ ಕರೆಂಟಿನ ಆವರ್ತನವನ್ನು ಹಿಡಿದುಕೊಂಡು ಹೋಗುತ್ತದೆ. ಲೈನಿನಲ್ಲಿ ಬರುವುದು 50 ಹರ್ಟ್ಸ್. ಡೀಸೆಲ್ ಜನರೇಟರಿಗೆ ಹೊರೆ ಕಡಿಮೆಯಿದ್ದಾಗ ಅದು 52ರ ತನಕ ಹೋಗುತ್ತದೆ. ತಟ್ಟೆ ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುವ ಬದಲು ಸುಮಾರು 34 ಮುಕ್ಕಾಲು ಸುತ್ತು ತಿರುಗುತ್ತದೆ. ನನ್ನ ಹೆಂಡತಿ ಹಾರ್ಮೋನಿಯಂ ನುಡಿಸುತ್ತಾಳೆ. ಶ್ರುತಿ ಅರ್ಧ ಮನೆಗೂ, ಅಂದರೆ ಪಕ್ಕದ ಕೀಲಿಗೆ ಇರುವ ದೂರದ ಅರ್ಧಕ್ಕೂ, ಮಿಕ್ಕಿ ಏರಿದೆ ಎಂದು ಅವಳೇ ಹಿಡಿದಳು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಮೂರು ದಿನ ಕರೆಂಟ್ ಹೋಗುವುದು ಮಾಮೂಲು. ಆಗ ತಟ್ಟೆ ಕೇಳುವ ಆಸೆಯನ್ನು ತಡೆದುಕೊಳ್ಳಲೇಬೇಕು.

ಇನ್ನು ಆಲ್ಬಮ್ಮಿನ ವಿಷಯ. ನೀವಿಬ್ಬರೂ ‘ಸಿಸಿಲಿಯಾ’ ಹಾಡಿನ ಹೆಸರನ್ನೇ ಎತ್ತಲಿಲ್ಲ, ನನಗೆ ಬೇಸರವಾಯಿತು. ಮೊದಲ ಬದಿಯ ಮೂರನೆಯ ಹಾಡು. ಸ್ಟುಡಿಯೊದಲ್ಲಿ ಹುಟ್ಟಿದ್ದಲ್ಲ ಅದು. ಮನೆಯಲ್ಲಿ ಸ್ನೇಹಿತರು ಕುಳಿತು ತೊಡೆ ತಟ್ಟುತ್ತಾ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಹಿಡಿದ ತಾಳವನ್ನು ಮನೆಯ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದರು. ಅದರ ಒಂದು ತುಣುಕನ್ನೇ ಮತ್ತೆ ಮತ್ತೆ ಬರುವಂತೆ ಜೋಡಿಸಿ, ಅದರ ಮೇಲೆ ಹಾಡು ಕಟ್ಟಿದರು.

ನಮ್ಮ ದೊಡ್ಡಪ್ಪ ದುಡಿಕೊಟ್ಟ್ ಪಾಟ್ ಹಾಡುವವರು. ಹಬ್ಬದಲ್ಲಿ, ಮದುವೆಯಲ್ಲಿ, ನಾಲ್ವರು ಎಡಗೈಯಲ್ಲಿ ದುಡಿ ಎಂಬ ಪುಟ್ಟ ಡೋಲು ಹಿಡಿದು ನಿಂತು, ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ಮರಳಿ ಹೇಳುತ್ತಾರೆ. ಅವರಿಗೆ ‘ಸಿಸಿಲಿಯಾ’ ಕೇಳಿಸಿದೆ. ಕಣ್ಣು ಮುಚ್ಚಿ ಬೆರಳಿನಲ್ಲಿ ಮಂಡಿಯ ಮೇಲೆ ತಾಳ ಹಾಕಿದರು. ಮುಗಿದ ಮೇಲೆ ಹೇಳಿದರು: ‘ನಮ್ಮ ಹಾಡಿನಲ್ಲಿ ಇಬ್ಬರೂ ಒಂದೇ ದಾರಿಯಲ್ಲಿ ನಡೆಯುತ್ತೇವೆ. ಇವರಲ್ಲಿ ಒಬ್ಬ ಏರಿಯ ಮೇಲೆ, ಒಬ್ಬ ಗದ್ದೆಯೊಳಗೆ. ಆದರೂ ಒಟ್ಟಿಗೇ ಮನೆ ಮುಟ್ಟುತ್ತಾರೆ.’ ಈ ಜೋಡಿಯ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಎಲ್ಲಿಯೂ ಓದಿಲ್ಲ.

ಹಾರಂಗಿ, ಕುಶಾಲನಗರ

ಅಕ್ಕ, ನನಗೆ ಇಪ್ಪತ್ತೆರಡು ವರ್ಷ. ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ, ಎಲ್‌ಪಿಯನ್ನು ಕೈಯಲ್ಲಿ ಹಿಡಿದೂ ಇಲ್ಲ. ನಿಮ್ಮ ಬರಹವನ್ನು ಓದಿ ನಿನ್ನೆ ರಾತ್ರಿ ಈ ಆಲ್ಬಮ್ಮನ್ನು ಮೊಬೈಲಿನಲ್ಲಿ ಮೊದಲಿನಿಂದ ಕೊನೆಯ ತನಕ ಕೇಳಿದೆ, ಸುಮಾರು 37 ನಿಮಿಷ. ಎರಡನೆಯ ಹಾಡು, ‘ಎಲ್ ಕೊಂಡೋರ್ ಪಾಸಾ’, ನನಗೆ ಮೊದಲೇ ಪರಿಚಯವಿತ್ತು. ಅದರ ಕೊಳಲಿನ ರಾಗ ಎಲ್ಲಿಯದು ಎಂದು ಮಾತ್ರ ಗೊತ್ತಿರಲಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ಮೊಬೈಲಿನಲ್ಲಿ ಚಟಪಟ ಸದ್ದಿಲ್ಲ, ಹೊಸ ಎಲ್‌ಪಿಯೂ ಸಿಗುತ್ತದೆ. ಹಾಡು ಅದೇ ಅಲ್ಲವೇ? ಈ ತಟ್ಟೆಯೇ ಏಕೆ ಬೇಕು?

ಹಳೆಯ ತಟ್ಟೆ, ಮೈಸೂರು

ತಂಗಿ, ಆ ರಾಗ ಪೆರು ದೇಶದ್ದು. ದಾನಿಯೆಲ್ ಅಲೋಮಿಯಾ ರೋಬ್ಲೆಸ್ ಎಂಬುವರು 1913ರಲ್ಲಿ ನಾಟಕಕ್ಕಾಗಿ ರಚಿಸಿದ್ದು. ಲಾಸ್ ಇಂಕಾಸ್ ಎಂಬ ತಂಡ ಪ್ಯಾರಿಸ್ಸಿನಲ್ಲಿ ನುಡಿಸಿದಾಗ ಕೇಳಿದ ಸೈಮನ್ ಅದನ್ನು ಕರ್ತೃವಿಲ್ಲದ ಜಾನಪದ ಎಂದೇ ತಿಳಿದ. ಆ ತಂಡ ನುಡಿಸಿದ ಸಂಗೀತದ ಮೇಲೆಯೇ ತನ್ನ ಮಾತುಗಳನ್ನು ಇಟ್ಟು ಹಾಡಿದ. ರೋಬ್ಲೆಸ್ ಅವರ ಮಗ ಆಮೇಲೆ ನ್ಯಾಯಾಲಯಕ್ಕೆ ಹೋದರು, ಮನಸ್ತಾಪವಿಲ್ಲದೆ ಇತ್ಯರ್ಥವಾಯಿತು. ಜಾನಪದ ಎನಿಸುವ ರಾಗಕ್ಕೂ ಒಮ್ಮೊಮ್ಮೆ ಒಬ್ಬ ಒಡೆಯ ಇರುತ್ತಾನೆ. ಹೆಸರು ಗೊತ್ತಾದ ಮೇಲೆ ಹೇಳದೆ ಇರಬಾರದು.

ನಿನ್ನ ಇನ್ನೊಂದು ಪ್ರಶ್ನೆಗೆ ಅಕ್ಕನೇ ಉತ್ತರಿಸಲಿ.

ತೋಟದ ಮನೆ, ನಾಪೋಕ್ಲು

ಎಲ್ಲರಿಗೂ ಹೃದಯದಿಂದ ಧನ್ಯವಾದಗಳು. ಬರೆಯಲು ಹತ್ತು ದಿನ ತಡವಾಯಿತು, ಮೆಣಸಿನ ಬಳ್ಳಿಗೆ ಔಷಧಿ ಹೊಡೆಯುವ ಕೆಲಸವಿತ್ತು.

ಭಾನುವಾರ ತೊಳೆದೆ. ಬಂಕಿನಿಂದ ನೀರು, ಮಡಿಕೇರಿಯ ಮೊಬೈಲ್ ಅಂಗಡಿಯಿಂದ ಆಲ್ಕೊಹಾಲ್, ಬೆಲ್ಲದ ಡಬ್ಬದ ಮುಚ್ಚಳ. ಜಗಲಿಯ ಮೇಜಿನ ಮೇಲೆ ಟವೆಲ್ ಹಾಸಿ ಕುಳಿತೆ. ಮೊದಲ ಸುತ್ತಿಗೆ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಎರಡನೆಯ ಸುತ್ತಿಗೆ ಆ ಬಿಳಿ ಚುಕ್ಕೆಗಳು ಒಂದೊಂದಾಗಿ ಬಿಟ್ಟವು. ಒಂದು ಮಾತ್ರ ಗಟ್ಟಿಯಾಗಿ ಕುಳಿತಿತ್ತು. ಅದರ ಮೇಲೆ ಎರಡು ಹನಿ ಹಾಕಿ, ಹತ್ತು ನಿಮಿಷ ಕಾದು, ಬಟ್ಟೆಯ ತುದಿಯಿಂದ ಗೆರೆಯುದ್ದಕ್ಕೂ ಮೆಲ್ಲಗೆ ಎಳೆದೆ. ಹೋಯಿತು. ಒದ್ದೆ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಾಗ ಅಷ್ಟು ಕಪ್ಪು ಇರಬಹುದೆಂದು ನಾನು ಮರೆತೇಹೋಗಿದ್ದೆ. ಸಿಲ್ವರ್ ಓಕ್ ಮರಗಳ ಸಾಲು ಅದರಲ್ಲಿ ಬಾಗಿ ಕಾಣುತ್ತಿತ್ತು.

ಹಾರಂಗಿಯ ಮಗಳೇ, ನೀನು ಕೇಳಿದ್ದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ಹಾಡು ಅದೇ. ಆದರೆ ಈ ತಟ್ಟೆಯ ಅಂಚಿನಲ್ಲಿ, ಮೊದಲ ಬದಿ ಶುರುವಾಗುವಲ್ಲಿ, ಉಗುರಿನಷ್ಟು ಒಂದು ಗೀರು ಇದೆ. ಪಿಯಾನೊ ಬರುವ ಮುಂಚೆ ಟಿಕ್, ಟಿಕ್, ಟಿಕ್ ಎಂದು ಮೂರು ಸಲ ಕೇಳಿಸುತ್ತದೆ. ಅವಸರದಲ್ಲಿ ಮುಳ್ಳನ್ನು ಕೈ ಜಾರಿ ಬೀಳಿಸಿದ್ದು ನಾನೇ, ಅಣ್ಣ ಮರಳಿ ಹಡಗಿಗೆ ಹೊರಟ ದಿನ. ಅವನು ಮೆಟ್ಟಿಲು ಇಳಿಯುತ್ತಿದ್ದ, ಗೇಟು ದಾಟುವ ಮುಂಚೆ ಅವನಿಗೆ ಈ ಹಾಡು ಕೇಳಿಸಬೇಕು ಎಂದು ಓಡಿಬಂದು ಹಾಕಿದ್ದೆ. ಆ ಮೂರು ಟಿಕ್ ಇಲ್ಲದೆ ಪಿಯಾನೊ ಶುರುವಾದರೆ ನನಗೆ ಅದು ಬೇರೆ ಯಾರದೋ ಮನೆಯ ಹಾಡು.

ತೊಳೆದ ಮೇಲೆಯೂ ಮೂರೂ ಇವೆ. ಮೊದಲು ಅದನ್ನೇ ನೋಡಿದೆ.

ಆಮೇಲೆ ಎರಡನೆಯ ಬದಿ. ಧಡ್ ಸದ್ದು ಬಂದಾಗ ಅಭ್ಯಾಸಬಲದಿಂದ ಕೊಟ್ಟಿಗೆಯ ಕಡೆ ತಿರುಗಿದೆ. ಅವ್ವ ಹೋಗಿ ಹನ್ನೊಂದು ವರ್ಷವಾಯಿತು, ಕೊಟ್ಟಿಗೆಯಲ್ಲಿ ಈಗ ಗೊಬ್ಬರದ ಚೀಲಗಳಿವೆ. ಸಂಜೆ ಅಣ್ಣನಿಗೆ ಫೋನ್ ಮಾಡಿ ಲಿಫ್ಟಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಹಾಗಾದರೆ ನಾನು ಬೊಳಿಬಾಣೆಯಲ್ಲಿ ಎಡವಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲವೇ?’ ಎಂದ. ಇಲ್ಲ ಎಂದೆ. ‘ಇಷ್ಟು ವರ್ಷ ನಾನೇ ಹಾಳುಮಾಡಿದೆ ಎಂದುಕೊಂಡಿದ್ದೆ’ ಎಂದ. ಎಪ್ಪತ್ತು ದಾಟಿದವನು. ಅವನ ದನಿ ಹಗುರಾದದ್ದು ನನಗೆ ಇಲ್ಲಿಗೆ ಕೇಳಿಸಿತು. ಮೈಸೂರಿನವರಿಗೆ ಈ ಒಂದು ಉತ್ತರಕ್ಕಾಗಿ ನಾನು ಋಣಿ.

ಅವನ ಇಷ್ಟದ ಆ ಹಾಡನ್ನೂ ಕೇಳಿದೆ. ಕೊನೆಯ ಭಾಗದಲ್ಲಿ ಇಬ್ಬರ ದನಿಗಳೇ ಪದರ ಪದರವಾಗಿ ಸೇರಿ, ಎಲ್ಲಿಯೋ ದೂರದಿಂದ ಬಂದಂತೆ ತುಂಬಿಕೊಳ್ಳುತ್ತವೆ. ಬ್ರಹ್ಮಗಿರಿಯ ಕಡೆಯಿಂದ ಮಂಜು ತೋಟಕ್ಕೆ ಇಳಿಯುವುದು ಹಾಗೆಯೇ, ಎಲ್ಲಿಂದ ಶುರುವಾಯಿತು ಎಂದು ತೋರಿಸಲಾಗದು. ಮೂರು ಸಲ ಹಾಕಿಕೊಂಡೆ. ರೋಬಸ್ಟಾದವರೇ, ‘ಸಿಸಿಲಿಯಾ’ವನ್ನೂ ಹಾಕಿದೆ, ತೋಟದ ಕೆಲಸಕ್ಕೆ ಬರುವವರ ಮಕ್ಕಳು ಅಂಗಳದಲ್ಲಿ ಕುಣಿದರು. ನಿಮ್ಮ ದೊಡ್ಡಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ರಿಪೇರಿಯವರಿಗೆ ಒಂದು ಪ್ರಶ್ನೆ ಉಳಿದಿದೆ. ಈಗ ಕರೆಂಟಿನಲ್ಲಿಯೇ ಹಾಕಿದರೂ ಹಾಡು ಒಮ್ಮೊಮ್ಮೆ ಎಳೆದಂತಾಗುತ್ತದೆ. ರಬ್ಬರ್ ಬೆಲ್ಟ್ ಸಡಿಲವಾಗಿರಬಹುದೇ?

ರೇಡಿಯೊ ರಿಪೇರಿ, ವಿರಾಜಪೇಟೆ

ಬೆಲ್ಟೇ ಇರಬೇಕು ಅಮ್ಮ. ಹಳೆಯದನ್ನು ತೆಗೆದು, ಎಳೆಯದೆ ಚಪ್ಪಟೆಯಾಗಿ ಮಡಚಿ, ಉದ್ದ ಮತ್ತು ಅಗಲವನ್ನು ಅಳೆದುಕೊಳ್ಳಿ. ಮೈಸೂರಿನಲ್ಲಿರುವ ನಿಮ್ಮ ಅಣ್ಣನವರಿಗೆ ಆ ಅಳತೆ ಕೊಟ್ಟರೆ ಅಲ್ಲಿಂದಲೇ ತರಿಸಬಹುದು. ಹಾಕುವ ಮುಂಚೆ ರಾಟೆಯನ್ನು ಅದೇ ಆಲ್ಕೊಹಾಲಿನಲ್ಲಿ ಒರೆಸಿ. ಮೋಟರಿನ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ, ಬೆಲ್ಟಿಗೆ ತಾಗದಂತೆ ನೋಡಿಕೊಳ್ಳಿ.

ಹಾರಂಗಿ, ಕುಶಾಲನಗರ

ಅಕ್ಕ, ಆ ಮೂರು ಟಿಕ್ ಕೇಳಲು ನಾನು ಒಮ್ಮೆ ಬರಬಹುದೇ?

ತೋಟದ ಮನೆ, ನಾಪೋಕ್ಲು

ಬಾ ಮಗಳೇ. ಅಣ್ಣ ಪುತ್ತರಿ ಹಬ್ಬಕ್ಕೆ ಬೆಲ್ಟ್ ತೆಗೆದುಕೊಂಡು ಬರುತ್ತಾನೆ, ಅದರ ಮರುದಿನ ಬಂದರೆ ಎರಡೂ ಬದಿಗಳನ್ನು ಸರಿಯಾದ ವೇಗದಲ್ಲಿ ಕೇಳಬಹುದು. ಕುಶಾಲನಗರದಿಂದ ಮಡಿಕೇರಿಗೆ ಬಂದರೆ ಅಲ್ಲಿಂದ ನಾಪೋಕ್ಲು ಬಸ್ ಸಿಗುತ್ತದೆ. ಹೊರಡುವ ಮುಂಚೆ ಇಲ್ಲಿ ಒಂದು ಸಾಲು ಬರೆ, ಕರೆಂಟ್ ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ.